ಹಗಲು ಪಾಸ್, ರಾತ್ರಿ ಫೇಲ್: ಜಿಯುಐ ಟೆಸ್ಟ್ ಕೈಕೊಟ್ಟಾಗ ಡೆಸ್ಕ್‌ಟಾಪ್ ತಪಾಸಣೆ

ಜಿಯುಐ ಟೆಸ್ಟ್ ಅಂದರೆ ಮನುಷ್ಯರ ಬದಲು ಒಂದು ಪ್ರೋಗ್ರಾಂ ವಿಂಡೋ ತೆರೆದು, ಬಟನ್ ಒತ್ತಿ ಆ್ಯಪ್ ಪರೀಕ್ಷಿಸುವುದು. ನಿಮ್ಮ ಮೇಜಿನ ಮೇಲಿನ ಕಂಪ್ಯೂಟರ್‌ನಲ್ಲಿ ಓಡಿಸಿದರೆ ಟೆಸ್ಟ್ ಪಾಸ್. ಅದೇ ಟೆಸ್ಟ್ ರಾತ್ರಿ ಜೆಂಕಿನ್ಸ್ (ಟೆಸ್ಟ್‌ಗಳನ್ನು ತಾನಾಗೇ ಓಡಿಸುವ ಪ್ರೋಗ್ರಾಂ) ಮೂಲಕ ಓಡಿದರೆ ಫೇಲ್. ಬೆಳಗ್ಗೆ ಬಂದು ಕೈಯಾರೆ ಓಡಿಸಿದರೆ ಮತ್ತೆ ಪಾಸ್. ಇಂಥದ್ದು ಕಂಡಾಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಕೋಡ್ ಒಳಗೆ ಇನ್ನೊಂದು ಐದು ಸೆಕೆಂಡ್ ಸ್ಲೀಪ್ (ಸುಮ್ಮನೆ ಕಾಯುವುದು) ತುರುಕುತ್ತಾರೆ, ಇಲ್ಲಾ ಅಂದ್ರೆ ಫೇಲ್ ಆದರೆ ಮೂರು ಸಲ ಮತ್ತೆ ಓಡಿಸು ಅಂತ ಸೆಟಿಂಗ್ ಹಾಕಿ ಸುಮ್ಮನಾಗುತ್ತಾರೆ. ಎರಡರಿಂದಲೂ ರಿಪೋರ್ಟ್ ಹಸಿರಾಗುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ.

ಸ್ವಲ್ಪ ಯೋಚನೆ ಮಾಡಿ. ಕೋಡ್ ಅದೇ, ಟೆಸ್ಟ್ ಅದೇ, ಕೆಲವೊಮ್ಮೆ ಮಷಿನ್ ಕೂಡ ಅದೇ. ಹಾಗಾದರೆ ಬದಲಾಗಿದ್ದು ಏನು? ಯಾರ ಲಾಗಿನ್, ಯಾವ ಸೆಷನ್ (ಒಂದು ಲಾಗಿನ್‌ನ ಸ್ವಂತ ಕೋಣೆ), ಪರದೆಯ ಅಳತೆ ಎಷ್ಟು, ಲಾಕ್ ಆಗಿತ್ತಾ, ಫೋಕಸ್ (ಕೀಬೋರ್ಡ್ ಒತ್ತಿದ್ದು ಹೋಗುವ ಜಾಗ) ಯಾವ ವಿಂಡೋ ಮೇಲಿತ್ತು, ಇಷ್ಟೇ. ಅಂದರೆ ಡೆಸ್ಕ್‌ಟಾಪ್. ಆದ್ದರಿಂದ ಟೆಸ್ಟ್ ಕೋಡ್‌ಗೆ ಕೈ ಹಾಕುವ ಮೊದಲು ಡೆಸ್ಕ್‌ಟಾಪ್ ನೋಡಿ ಅನ್ನುವುದು ಈ ಬರಹದ ಒಟ್ಟು ವಾದ.

ಇಲ್ಲಿ ಹೇಳಿರುವುದು ವಿಂಡೋಸ್ 11 ಮತ್ತು ಉಬುಂಟು ಮಷಿನ್‌ಗಳ ಬಗ್ಗೆ. ಸೆಲೆನಿಯಂ, ಪೈವಿನ್‌ಆಟೋ, ಎಕ್ಸ್‌ಡೂಟೂಲ್, ಡಾಗ್‌ಟೇಲ್ ತರಹದ ಸಾಮಾನು ಬಳಸಿ ನಿಜವಾದ ವಿಂಡೋ ತೆರೆದು ಕ್ಲಿಕ್ ಮಾಡುವವರಿಗೆ ಇದು. ಬರೀ ಹೆಡ್‌ಲೆಸ್ (ಪರದೆಯ ಮೇಲೆ ವಿಂಡೋ ತೆರೆಯದ) ಬ್ರೌಸರ್‌ನಲ್ಲಿ ಟೆಸ್ಟ್ ಓಡಿಸುವವರಿಗೆ ಇದರಲ್ಲಿ ಅರ್ಧಕ್ಕರ್ಧ ಬೇಕಾಗುವುದಿಲ್ಲ. ಅವರು ನೇರ ಕೊನೆಯ ಎರಡು ಭಾಗಕ್ಕೆ ಹೋಗಬಹುದು.

ಮೊದಲು ಸಾಕ್ಷಿ ಹಿಡಿಯಿರಿ

ಟೆಸ್ಟ್ ಫೇಲ್ ಆದ ಕ್ಷಣದಲ್ಲೇ ಇಡೀ ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ. 'ಇಡೀ ಪರದೆ' ಅನ್ನುವುದಕ್ಕೆ ಕಾರಣ ಇದೆ. ಸೆಲೆನಿಯಂ ಕೊಡುವ ಸ್ಕ್ರೀನ್‌ಶಾಟ್‌ನಲ್ಲಿ ಬರುವುದು ವೆಬ್ ಪುಟದ ಒಳಗಿನ ಚಿತ್ರ ಮಾತ್ರ. ಬ್ರೌಸರ್ ಮೇಲೆ ಅಪ್‌ಡೇಟ್ ಡೈಲಾಗ್ ಬಂದು ಕೂತಿದ್ದರೂ ಅದರಲ್ಲಿ ಕಾಣುವುದಿಲ್ಲ, ಪುಟ ಚೆನ್ನಾಗೇ ಇದೆಯಲ್ಲ ಅಂತ ನೀವು ತಲೆ ಕೆರೆದುಕೊಳ್ಳುತ್ತೀರಿ. ಆದ್ದರಿಂದ ಆಪರೇಟಿಂಗ್ ಸಿಸ್ಟಂ ಮಟ್ಟದಲ್ಲಿ ತೆಗೆದ ಚಿತ್ರವೇ ಬೇಕು.

ಅದರ ಜೊತೆಗೆ ಒಂದು ಸಣ್ಣ ಪಠ್ಯ ಫೈಲ್ ಬರೆಸಿ: ಆ ಕ್ಷಣದಲ್ಲಿ ಫೋಕಸ್ ಇದ್ದ ವಿಂಡೋ ಹೆಸರು, ಯೂಸರ್ ಹೆಸರು, ಸೆಷನ್ ನಂಬರ್, ರೆಸಲ್ಯೂಶನ್, ಸ್ಕೇಲಿಂಗ್ (ಪರದೆಯಲ್ಲಿ ಎಲ್ಲವನ್ನೂ ಎಷ್ಟು ಹಿಗ್ಗಿಸಿ ತೋರಿಸುತ್ತಿದೆ ಅನ್ನುವುದು), ಗಡಿಯಾರದ ಸಮಯ, ಟೈಮ್‌ಝೋನ್. ಲಿನಕ್ಸ್ ಆದರೆ ಡಿಸ್‌ಪ್ಲೇ ವೇರಿಯಬಲ್ (ಯಾವ ಪರದೆ) ಮತ್ತು ಸೆಷನ್ ಟೈಪ್ ವೇರಿಯಬಲ್ (ಯಾವ ಬಗೆಯ ಸೆಷನ್) ಕೂಡ. ಫೋಕಸ್ ಇದ್ದ ವಿಂಡೋ ಹೆಸರನ್ನು ಲಿನಕ್ಸ್‌ನಲ್ಲಿ ಎಕ್ಸ್‌ಡೂಟೂಲ್ ಹೇಳುತ್ತದೆ, ವಿಂಡೋಸ್‌ನಲ್ಲಿ ಪೈಥಾನ್‌ನಿಂದಲೇ ಒಂದೆರಡು ಸಾಲಲ್ಲಿ ಕೇಳಬಹುದು. ಇದೊಂದೇ ಮಾಹಿತಿ ಬಹಳ ಕೇಸ್‌ಗಳನ್ನು ಅಲ್ಲೇ ಮುಗಿಸಿಬಿಡುತ್ತದೆ.

ಇನ್ನೂ ಬೇಕಿದ್ದರೆ ವಿಡಿಯೋ. ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೋ ಟೂಲ್‌ಗೆ ಎಕ್ಸ್ 11 (ಲಿನಕ್ಸ್‌ನಲ್ಲಿ ವಿಂಡೋಗಳನ್ನು ತೋರಿಸುವ ಹಳೇ ವ್ಯವಸ್ಥೆ) ಪರದೆಯನ್ನು ನೇರ ಹಿಡಿಯುವುದು ಗೊತ್ತು. ಸೆಕೆಂಡಿಗೆ 5 ಫ್ರೇಮ್ ಸಾಕು, ಸಿನಿಮಾ ಏನೂ ತೆಗೆಯುತ್ತಿಲ್ಲವಲ್ಲ. ಪಾಸ್ ಆದ ಟೆಸ್ಟ್‌ಗಳ ವಿಡಿಯೋ ಅಳಿಸಿಬಿಡಿ, ಇಲ್ಲದಿದ್ದರೆ ಡಿಸ್ಕ್ ತುಂಬಿ ಅದೇ ಒಂದು ಹೊಸ ದೋಷ ಆಗುತ್ತದೆ.

ಈಗ ಆ ಸ್ಕ್ರೀನ್‌ಶಾಟ್ ತೆರೆದು ನೋಡಿ. ಮುಂದಿನ ದಾರಿಯನ್ನು ಚಿತ್ರವೇ ತೋರಿಸುತ್ತದೆ.

ಚಿತ್ರ ಪೂರ್ತಿ ಕಪ್ಪು

ವಿಂಡೋಸ್‌ನಲ್ಲಿ ಇದು ಕಂಡರೆ ಮೊದಲ ಸಂಶಯ ಸೆಷನ್ ಸೊನ್ನೆ. ವಿಸ್ತಾದಿಂದ ಈಚೆಗೆ ವಿಂಡೋಸ್‌ನ ಸರ್ವಿಸ್‌ಗಳು (ಯಾರೂ ಲಾಗಿನ್ ಆಗದಿದ್ದರೂ ಹಿಂದೆ ಓಡುವ ಪ್ರೋಗ್ರಾಂಗಳು) ಸೆಷನ್ 0 ಅನ್ನುವ ಬೇರೆ ಕೋಣೆಯಲ್ಲಿ ಓಡುತ್ತವೆ. ಮನುಷ್ಯರು ಲಾಗಿನ್ ಆಗುವುದು ಸೆಷನ್ 1, 2 ಹೀಗೆ. ಭದ್ರತೆಗಾಗಿ ಮಾಡಿದ ಏರ್ಪಾಡು ಇದು, ಸರಿಯಾಗೇ ಇದೆ. ಆದರೆ ನಿಮ್ಮ ಜೆಂಕಿನ್ಸ್ ಏಜೆಂಟನ್ನು (ಟೆಸ್ಟ್ ಮಷಿನ್‌ನಲ್ಲಿ ಕೂತು ಜೆಂಕಿನ್ಸ್ ಹೇಳಿದ್ದನ್ನು ಓಡಿಸುವ ಪ್ರೋಗ್ರಾಂ) ಸರ್ವಿಸ್ ಆಗಿ ಇನ್‌ಸ್ಟಾಲ್ ಮಾಡಿದ್ದರೆ ಅದು ಹುಟ್ಟಿಸುವ ಎಲ್ಲಾ ಪ್ರೋಗ್ರಾಂಗಳೂ ಅಲ್ಲೇ ಹುಟ್ಟುತ್ತವೆ. ಅಲ್ಲಿ ನೋಡುವಂಥ ಡೆಸ್ಕ್‌ಟಾಪ್ ಇಲ್ಲ. ಬ್ರೌಸರ್ ತೆರೆದುಕೊಳ್ಳುತ್ತದೆ, ಪ್ರೋಸೆಸ್ ಲಿಸ್ಟ್‌ನಲ್ಲೂ ಇರುತ್ತದೆ, ಕೆಲವು ಟೆಸ್ಟ್ ಪಾಸ್ ಕೂಡ ಆಗುತ್ತವೆ. ನಿಜವಾದ ಮೌಸ್ ಅಥವಾ ಕೀಬೋರ್ಡ್ ಬೇಕಾದ ಟೆಸ್ಟ್ ಮಾತ್ರ ಸಾಯುತ್ತದೆ. ಈ ಅರೆಬರೆ ಪಾಸ್ ಆಗುವುದೇ ಜನರ ದಾರಿ ತಪ್ಪಿಸುವುದು.

ಖಚಿತ ಮಾಡಿಕೊಳ್ಳುವುದು ಸುಲಭ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡೀಟೇಲ್ಸ್ ಟ್ಯಾಬ್‌ಗೆ ಹೋಗಿ, ಸೆಷನ್ ಐಡಿ ಕಾಲಂ ಸೇರಿಸಿ. ನಿಮ್ಮ ಏಜೆಂಟ್ ಪಕ್ಕದಲ್ಲಿ 0 ಇದ್ದರೆ ಮುಗೀತು, ಅದೇ ಕಾರಣ.

ಪರಿಹಾರ: ಸರ್ವಿಸ್ ತೆಗೆದುಹಾಕಿ. ಮಷಿನ್ ಆನ್ ಆದ ಕೂಡಲೇ ಟೆಸ್ಟ್ ಯೂಸರ್ ತಾನಾಗೇ ಲಾಗಿನ್ ಆಗುವಂತೆ ಮಾಡಿ, ಲಾಗಿನ್ ಆದಾಗ ಟಾಸ್ಕ್ ಶೆಡ್ಯೂಲರ್ ಮೂಲಕ ಏಜೆಂಟ್ ಶುರುವಾಗಲಿ. ಆ ಟಾಸ್ಕ್‌ನಲ್ಲಿ 'ಯೂಸರ್ ಲಾಗಿನ್ ಆಗಿದ್ದಾಗ ಮಾತ್ರ ಓಡಿಸು' ಅನ್ನುವ ಆಯ್ಕೆಯೇ ಇರಬೇಕು. ಇನ್ನೊಂದು ಆಯ್ಕೆ ಒತ್ತಿದರೆ ತಿರುಗಿ ಕಾಣದ ಸೆಷನ್‌ಗೇ ಹೋಗುತ್ತೀರಿ. ಆಟೋ ಲಾಗಿನ್‌ಗೆ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್‌ನಲ್ಲಿರುವ ಆಟೋಲಾಗಾನ್ ಬಳಸಿ. ರಿಜಿಸ್ಟ್ರಿಯಲ್ಲಿ ಪಾಸ್‌ವರ್ಡನ್ನು ಕೈಯಾರೆ ಬರೆದರೆ ಓದುವಂತೆ ಬಿದ್ದಿರುತ್ತದೆ, ಈ ಟೂಲ್ ಗೂಢಲಿಪಿಯಲ್ಲಿ ಇಡುತ್ತದೆ. ಹಾಗಂತ ಅದನ್ನು ಪೂರ್ತಿ ನಂಬುವಂತಿಲ್ಲ. ಅಡ್ಮಿನ್ ಹಕ್ಕು ಇದ್ದವರು ತೆಗೆಯಬಲ್ಲರು. ಆದ್ದರಿಂದ ಟೆಸ್ಟ್ ಯೂಸರ್‌ಗೆ ಕಡಿಮೆ ಹಕ್ಕು ಕೊಡಿ, ಬೇರೆಲ್ಲೂ ಆ ಪಾಸ್‌ವರ್ಡ್ ಬಳಸಬೇಡಿ.

ಸೆಷನ್ ಸರಿ ಇದ್ದೂ ಕಪ್ಪು ಬಂದರೆ ರಿಮೋಟ್ ಡೆಸ್ಕ್‌ಟಾಪ್ (ಆರ್‌ಡಿಪಿ) ಕಡೆ ತಿರುಗಿ. ಸಂಜೆ ಯಾರೋ ಆರ್‌ಡಿಪಿ ಮೂಲಕ ಒಳಗೆ ಹೋಗಿ, ಟೆಸ್ಟ್ ಶುರು ಮಾಡಿ, ಮೂಲೆಯ ಗುಣಾಕಾರ ಚಿಹ್ನೆ ಒತ್ತಿ ಮನೆಗೆ ಹೋದರು ಅಂದುಕೊಳ್ಳಿ. ಸೆಷನ್ ಬದುಕಿರುತ್ತದೆ, ಆದರೆ ಅದಕ್ಕೆ ಪರದೆ ಇಲ್ಲ. ಡಿಸ್‌ಕನೆಕ್ಟ್ ಆದ ಕ್ಷಣದಿಂದ ಕ್ಲಿಕ್‌ಗಳು ಫೇಲ್. ಕಿಟಕಿ ಮುಚ್ಚದೆ ಬರೀ ಮಿನಿಮೈಸ್ ಮಾಡಿದರೂ ಆ ಕಡೆ ಚಿತ್ರ ಬಿಡಿಸುವುದು ನಿಂತುಹೋಗಬಹುದು. ಲಾಗ್‌ನಲ್ಲಿ ಫೇಲ್ ಶುರುವಾದ ಸಮಯ ಮತ್ತು ಆರ್‌ಡಿಪಿ ಕಡಿದ ಸಮಯ ಎರಡೂ ಹೊಂದುತ್ತವಾ ನೋಡಿ. ಇವೆಂಟ್ ವ್ಯೂವರ್‌ನಲ್ಲಿ ಟರ್ಮಿನಲ್ ಸರ್ವಿಸಸ್ ಹೆಸರಿನ ಲಾಗ್‌ಗಳಲ್ಲಿ ಇದು ಬರೆದಿರುತ್ತದೆ.

ಇದಕ್ಕೆ ಹಳೇ ಉಪಾಯ ಟಿಎಸ್‌ಕಾನ್ ಕಮಾಂಡ್. ನಿಮ್ಮ ಸೆಷನ್ ನಂಬರ್ ಕೊಟ್ಟು, ಕನ್ಸೋಲ್‌ಗೆ ಕಳಿಸು ಅಂದರೆ ಆರ್‌ಡಿಪಿ ಕಡಿಯುತ್ತದೆ ಆದರೆ ಸೆಷನ್ ಮಷಿನ್‌ನ ಸ್ವಂತ ಪರದೆಗೆ ಅಂಟಿಕೊಂಡು ತೆರೆದೇ ಇರುತ್ತದೆ. ಅಡ್ಮಿನ್ ಆಗಿ ಓಡಿಸಬೇಕು. ರೆಸಲ್ಯೂಶನ್ ಬದಲಾಗುವ ಸಾಧ್ಯತೆ ಇದೆ, ಅದನ್ನು ಮತ್ತೆ ಹೊಂದಿಸಿ. ನನ್ನನ್ನು ಕೇಳಿದರೆ ಟೆಸ್ಟ್ ಮಷಿನ್‌ಗೆ ಆರ್‌ಡಿಪಿ ಸಹವಾಸವೇ ಬೇಡ. ವಿಎನ್‌ಸಿ ಹಾಕಿ. ಅದು ಇರುವ ಪರದೆಯನ್ನು ಇಣುಕಿ ನೋಡುತ್ತದೆ, ಬಂದುಹೋದರೆ ಸೆಷನ್‌ಗೆ ಏನೂ ಆಗುವುದಿಲ್ಲ.

ಲಿನಕ್ಸ್‌ನಲ್ಲಿ ಕಪ್ಪು ಪರದೆಗೆ ಕಾರಣ ಬೇರೆ. ಡಿಸ್‌ಪ್ಲೇ ವೇರಿಯಬಲ್ ಇಲ್ಲದಿದ್ದರೆ ಪ್ರೋಗ್ರಾಂ ತೆರೆಯುವುದೇ ಇಲ್ಲ, ಡಿಸ್‌ಪ್ಲೇ ತೆರೆಯಲು ಆಗುತ್ತಿಲ್ಲ ಅಂತ ಕೂಗುತ್ತದೆ. ಕೂಗುವ ದೋಷ ಒಳ್ಳೆಯದು. ಕ್ರಾನ್ (ಹೊತ್ತಿಗೆ ಸರಿಯಾಗಿ ಓಡಿಸುವ ಟೂಲ್) ಅಥವಾ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ದಾರಿ) ಮೂಲಕ ಓಡಿಸುವಾಗ ಇದು ಮಾಮೂಲಿ. ಸತಾಯಿಸುವುದು ವೇಲ್ಯಾಂಡ್, ಅಂದರೆ ಎಕ್ಸ್ 11ರ ಜಾಗಕ್ಕೆ ಬಂದ ಹೊಸ ವ್ಯವಸ್ಥೆ. ಉಬುಂಟು 22.04ರಿಂದ ಸಾಮಾನ್ಯವಾಗಿ ಗ್ನೋಮ್ (ಉಬುಂಟುವಿನ ಡೆಸ್ಕ್‌ಟಾಪ್) ವೇಲ್ಯಾಂಡ್ ಮೇಲೆ ಓಡುತ್ತದೆ. ಅಲ್ಲಿ ಒಂದು ಪ್ರೋಗ್ರಾಂ ಇನ್ನೊಂದರ ಪರದೆ ನೋಡುವಂತಿಲ್ಲ, ಅದಕ್ಕೆ ಕೀ ಒತ್ತಿ ಕಳಿಸುವಂತಿಲ್ಲ. ಎಕ್ಸ್ 11 ಕಾಲದ ಟೂಲ್‌ಗಳಿಗೆ ಎಕ್ಸ್‌ವೇಲ್ಯಾಂಡ್ (ವೇಲ್ಯಾಂಡ್ ಒಳಗೆ ಹಳೇ ಎಕ್ಸ್ 11 ಆ್ಯಪ್ ಓಡಿಸುವ ಸೇತುವೆ) ಮೇಲೆ ಓಡುವ ವಿಂಡೋಗಳು ಮಾತ್ರ ಕಾಣುತ್ತವೆ, ಉಳಿದಿದ್ದು ಕಪ್ಪು. ಎಕ್ಸ್‌ಡೂಟೂಲ್ ದೂರು ಕೂಡ ಹೇಳದೆ ಕ್ಲಿಕ್ ಮಾಡಿದೆ ಅನ್ನುತ್ತದೆ, ಆದರೆ ಏನೂ ಆಗಿರುವುದಿಲ್ಲ.

ಸೆಷನ್ ಟೈಪ್ ವೇರಿಯಬಲ್ ನೋಡಿ. ವೇಲ್ಯಾಂಡ್ ಅಂತ ಇದ್ದರೆ ಜಿಡಿಎಂ (ಲಾಗಿನ್ ಪರದೆ ತೋರಿಸುವ ಪ್ರೋಗ್ರಾಂ) ಸೆಟಿಂಗ್ ಫೈಲ್‌ನಲ್ಲಿ ಅದನ್ನು ಆಫ್ ಮಾಡಿ ರೀಬೂಟ್ ಮಾಡಬಹುದು. 22.04 ಮತ್ತು 24.04ರಲ್ಲಿ ಇದು ನಡೆಯುತ್ತದೆ. ಮುಂದಕ್ಕೆ ನಡೆಯುವುದಿಲ್ಲ. ಉಬುಂಟು 25.10ರಲ್ಲಿ ಗ್ನೋಮ್‌ನ ಎಕ್ಸ್ 11 ಸೆಷನ್ ತೆಗೆದುಹಾಕಿದ್ದಾರೆ. 2025ರಲ್ಲೇ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಲ್ಲಿ ಎಕ್ಸ್ ಸರ್ವರ್ ಕೂಡ ಇಲ್ಲ, ಎಕ್ಸ್‌ವೇಲ್ಯಾಂಡ್ ಮಾತ್ರ ಉಳಿದಿದೆ. ಉಬುಂಟುವಿನಲ್ಲಿ ಹೊಸ ಟೆಸ್ಟ್ ಮಷಿನ್ ಕಟ್ಟುವುದಿದ್ದರೆ ಗ್ನೋಮ್ ಬಿಟ್ಟುಬಿಡಿ. ಎಕ್ಸ್‌ವಿಎಫ್‌ಬಿ ಅನ್ನುವ ಕಾಲ್ಪನಿಕ ಪರದೆ, ಅದರ ಮೇಲೆ ಓಪನ್‌ಬಾಕ್ಸ್ ತರಹದ ಸಣ್ಣ ವಿಂಡೋ ಮ್ಯಾನೇಜರ್, ಅಷ್ಟೇ ಸಾಕು. ಲಾಕ್ ಇಲ್ಲ, ಸ್ಕ್ರೀನ್‌ಸೇವರ್ ಇಲ್ಲ, ಅಪ್‌ಡೇಟ್ ಡೈಲಾಗ್ ಇಲ್ಲ. ಏನಾಗುತ್ತಿದೆ ಅಂತ ಕಣ್ಣಲ್ಲಿ ನೋಡಬೇಕಾದಾಗ ಎಕ್ಸ್ 11 ವಿಎನ್‌ಸಿ ಸೇರಿಸಿಕೊಳ್ಳಿ.

ಎಕ್ಸ್‌ವಿಎಫ್‌ಬಿ ರನ್ ಸ್ಕ್ರಿಪ್ಟ್ ಬಳಸುವವರಿಗೆ ಒಂದು ಮಾತು. ಅದು ಸರ್ವರ್‌ನ ತಪ್ಪು ಸಂದೇಶಗಳನ್ನು ಸುಮ್ನೆ ಕಸದ ಬುಟ್ಟಿಗೆ ಹಾಕುತ್ತದೆ. ಎರರ್ ಫೈಲ್‌ನ ಆಯ್ಕೆ ಕೊಟ್ಟು ಒಂದು ಕಡೆ ಬರೆಸಿಕೊಳ್ಳಿ. ಹಿಂದಿನ ಸಲ ಅರ್ಧದಲ್ಲಿ ಕೊಂದ ಸರ್ವರ್‌ನ ಲಾಕ್ ಫೈಲ್ ಟೆಂಪ್ ಫೋಲ್ಡರ್‌ನಲ್ಲಿ ಉಳಿದು, 99ನೇ ಡಿಸ್‌ಪ್ಲೇ ಆಗಲೇ ಓಡುತ್ತಿದೆ ಅನ್ನುವ ಸುಳ್ಳು ಆಗ ಮಾತ್ರ ಕಣ್ಣಿಗೆ ಬೀಳುತ್ತದೆ.

ಚಿತ್ರದಲ್ಲಿ ಲಾಕ್ ಪರದೆ

ಇದು ಎಲ್ಲಕ್ಕಿಂತ ಸುಲಭ. ಮೊದಲ ಕೆಲವು ಟೆಸ್ಟ್ ಪಾಸ್, ಒಂದು ಹೊತ್ತಾದ ಮೇಲೆ ಎಲ್ಲಾ ಫೇಲ್, ಅಲ್ವಾ? ಯಾರೂ ಮುಟ್ಟದೆ ಇಷ್ಟು ನಿಮಿಷ ಆದರೆ ಲಾಕ್ ಅನ್ನುವ ಲೆಕ್ಕ ಅದು. ಗ್ನೋಮ್‌ನಲ್ಲಿ ಐಡಲ್ ಡಿಲೇ ಸೊನ್ನೆ ಮಾಡಿ, ಸ್ಕ್ರೀನ್ ಲಾಕ್ ಆಫ್ ಮಾಡಿ, ಎಕ್ಸ್‌ಸೆಟ್ ಮೂಲಕ ಡಿಪಿಎಂಎಸ್ (ಮಾನಿಟರ್ ತಾನಾಗೇ ಆಫ್ ಆಗುವುದು) ಕೂಡ ಆಫ್. ವಿಂಡೋಸ್‌ನಲ್ಲಿ ಪವರ್‌ಸಿಎಫ್‌ಜಿ ಕಮಾಂಡ್‌ನಿಂದ ಮಾನಿಟರ್ ಮತ್ತು ಸ್ಟ್ಯಾಂಡ್‌ಬೈ ಎರಡನ್ನೂ ಸೊನ್ನೆಗೆ ತನ್ನಿ. ಇಷ್ಟಾದರೂ ವಿಂಡೋಸ್ ಲಾಕ್ ಆದರೆ ಆಫೀಸಿನ ಗ್ರೂಪ್ ಪಾಲಿಸಿ (ಐಟಿಯವರು ಎಲ್ಲಾ ಮಷಿನ್‌ಗೆ ಹಾಕುವ ನಿಯಮ) ಅನ್ನಿ. ಸೆಕ್ಯುರಿಟಿ ಆಪ್ಷನ್ಸ್‌ನಲ್ಲಿ 'ಮಷಿನ್ ಇನ್‌ಆ್ಯಕ್ಟಿವಿಟಿ ಲಿಮಿಟ್' ಅಂತ ಒಂದಿದೆ, ನಿಮ್ಮ ಸೆಟಿಂಗ್ ಏನೇ ಇರಲಿ ಅದರದ್ದೇ ನಡೆಯುವುದು. ಐಟಿಯವರ ಹತ್ತಿರ ಕೂತು ಮಾತಾಡಿ, ಟೆಸ್ಟ್ ಮಷಿನ್‌ಗಳನ್ನು ಬೇರೆ ಗುಂಪಿಗೆ ಹಾಕಿಸಿಕೊಳ್ಳಬೇಕು. ಮೌಸ್ ಅಲ್ಲಾಡಿಸುವ ಸ್ಕ್ರಿಪ್ಟ್ ಹಾಕಿ ಗೆದ್ದೆವು ಅಂದುಕೊಳ್ಳಬೇಡಿ. ಅದು ಅಲ್ಲಾಡಿಸುವ ಮೌಸ್ ನಿಮ್ಮ ಟೆಸ್ಟ್ ಬಳಸುವ ಮೌಸೇ. ಮೆನು ಮೇಲೆ ಹೋವರ್ ಮಾಡಿ ನಿಂತಾಗ ಅದು ಬಂದು ಎಳೆದರೆ ಮೆನು ಮುಚ್ಚಿಕೊಳ್ಳುತ್ತದೆ.

ಕರೆಯದೆ ಬಂದ ಡೈಲಾಗ್

ಚಿತ್ರದಲ್ಲಿ ನಿಮ್ಮ ಆ್ಯಪ್ ಇದೆ, ಅದರ ಮುಂದೆ ಇನ್ಯಾರೋ ಇದ್ದಾರೆ. ಫೋಕಸ್ ವಿಂಡೋ ಹೆಸರು ಬರೆಸಿದ್ದರೆ ಯಾರು ಅಂತಲೂ ಗೊತ್ತಾಗಿರುತ್ತದೆ.

ಉಬುಂಟುವಿನಲ್ಲಿ ಆಟೋ ಲಾಗಿನ್ ಹಾಕಿದ ಕೂಡಲೇ ಕಾಡುವುದು ಕೀರಿಂಗ್, ಅಂದರೆ ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ಪೆಟ್ಟಿಗೆ. ಮಾಮೂಲಿಯಾಗಿ ನೀವು ಹೊಡೆಯುವ ಲಾಗಿನ್ ಪಾಸ್‌ವರ್ಡಿನಿಂದಲೇ ಗ್ನೋಮ್ ಕೀರಿಂಗ್ ಬೀಗ ತೆರೆಯುತ್ತದೆ. ಆಟೋ ಲಾಗಿನ್‌ನಲ್ಲಿ ಪಾಸ್‌ವರ್ಡ್ ಹೊಡೆಯುವವರೇ ಇಲ್ಲ. ಹಾಗಾಗಿ ಕ್ರೋಮ್ ತೆರೆದ ತಕ್ಷಣ ಕೀರಿಂಗ್ ಬೀಗ ತೆಗಿ ಅಂತ ಡೈಲಾಗ್ ಬರುತ್ತದೆ, ಟೆಸ್ಟ್ ಹೊಡೆಯುವ ಅಕ್ಷರಗಳೆಲ್ಲ ಅದರೊಳಗೆ ಬೀಳುತ್ತವೆ. ಕ್ರೋಮ್‌ಗೆ ಪಾಸ್‌ವರ್ಡ್ ಸ್ಟೋರ್ ಬೇಸಿಕ್ ಅನ್ನುವ ಆಯ್ಕೆ ಕೊಟ್ಟು ಶುರು ಮಾಡಿ, ಅದು ಕೀರಿಂಗ್ ತಂಟೆಗೇ ಹೋಗುವುದಿಲ್ಲ. ಸಾಫ್ಟ್‌ವೇರ್ ಅಪ್‌ಡೇಟರ್, ಎಲ್ಲೋ ಏನೋ ಕ್ರ್ಯಾಶ್ ಆಯಿತು ಅನ್ನುವ ಅಪೋರ್ಟ್ ಡೈಲಾಗ್, ಇವೆರಡನ್ನೂ ಆಫ್ ಮಾಡಿ.

ವಿಂಡೋಸ್‌ನಲ್ಲಿ ನೋಟಿಫಿಕೇಶನ್‌ಗಳು ಬಲ ಕೆಳಮೂಲೆಯಲ್ಲಿ ಬಂದು, ಅಲ್ಲೇ ಇರುವ ಸೇವ್ ಬಟನ್ ಮುಚ್ಚುತ್ತವೆ. ಅಪ್‌ಡೇಟ್ ಆದ ಮೇಲೆ 'ನಿಮ್ಮ ಸಾಧನದ ಸೆಟಪ್ ಮುಗಿಸೋಣ' ಅನ್ನುವ ಅರ್ಥದ ಪೂರ್ತಿ ಪರದೆ ಒಂದು ಬರುತ್ತದೆ. ಎರಡನ್ನೂ ಸೆಟಿಂಗ್ಸ್‌ನ ನೋಟಿಫಿಕೇಶನ್ ಭಾಗದಲ್ಲೇ ಆಫ್ ಮಾಡಬಹುದು. ಆ್ಯಪ್ ಕ್ರ್ಯಾಶ್ ಆದಾಗ ಬರುವ ಎರರ್ ರಿಪೋರ್ಟಿಂಗ್ ಡೈಲಾಗ್ ಕೂಡ ಬಂದ್ ಮಾಡಿ, ಇಲ್ಲದಿದ್ದರೆ ಒಂದು ಟೆಸ್ಟ್‌ನ ಕ್ರ್ಯಾಶ್ ಮುಂದಿನ ಎಲ್ಲಾ ಟೆಸ್ಟ್‌ಗಳ ಮೇಲೆ ಕೂತಿರುತ್ತದೆ.

ಯುಎಸಿ (ಅಡ್ಮಿನ್ ಹಕ್ಕು ಕೊಡುವ ಮೊದಲು ವಿಂಡೋಸ್ ಕೇಳುವ ಅನುಮತಿ) ಬೇರೆ ಜಾತಿ. ಪರದೆ ಮಬ್ಬಾಗಿ ಹೌದು ಇಲ್ಲ ಕೇಳುವ ಆ ಡೈಲಾಗ್ ಬರುವುದು ಸೆಕ್ಯೂರ್ ಡೆಸ್ಕ್‌ಟಾಪ್ ಅನ್ನುವ ಪ್ರತ್ಯೇಕ ಜಾಗದಲ್ಲಿ. ನಿಮ್ಮ ಟೆಸ್ಟ್ ಪ್ರೋಗ್ರಾಂ ಅಲ್ಲಿಗೆ ಕೈ ಚಾಚುವಂತಿಲ್ಲ. ಅದನ್ನು ಒತ್ತುವ ದಾರಿ ಹುಡುಕಬೇಡಿ, ಅದು ಬಾರದಂತೆ ಟೆಸ್ಟ್ ಕಟ್ಟಿ. ಇದರ ಬಳಗದ ಇನ್ನೊಂದು ದೋಷ ತುಂಬಾ ಮೌನಿ: ಆ್ಯಪ್ ಅಡ್ಮಿನ್ ಆಗಿ ಓಡುತ್ತಿದೆ, ಟೆಸ್ಟ್ ಸಾಮಾನ್ಯ ಯೂಸರ್ ಆಗಿ ಓಡುತ್ತಿದೆ. ಕೆಳಗಿನ ಮಟ್ಟದ ಪ್ರೋಗ್ರಾಂ ಮೇಲಿನ ಮಟ್ಟದ ವಿಂಡೋಗೆ ಕ್ಲಿಕ್ ಕಳಿಸಿದರೆ ವಿಂಡೋಸ್ ಅದನ್ನು ತಡೆಯುತ್ತದೆ, ಎರರ್ ಕೂಡ ಕೊಡುವುದಿಲ್ಲ. ಚಿತ್ರದಲ್ಲಿ ಎಲ್ಲಾ ಸರಿ, ಬಟನ್ ಮೇಲೇ ಮೌಸ್, ಆದರೂ ಏನೂ ಆಗುತ್ತಿಲ್ಲ ಅಂದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಎಲಿವೇಟೆಡ್ ಕಾಲಂ ಸೇರಿಸಿ ಎರಡನ್ನೂ ಹೋಲಿಸಿ ನೋಡಿ.

ವಿಂಡೋ ಮುಂದೆ ಬರಲಿಲ್ಲ, ಟಾಸ್ಕ್‌ಬಾರ್‌ನಲ್ಲಿ ಅದರ ಐಕಾನ್ ಮಿನುಗುತ್ತಿದೆ ಅಂದರೆ ಅದು ಫೋಕಸ್ ಕಳ್ಳತನ ತಡೆಯುವ ವಿಂಡೋಸ್ ನಿಯಮ. ಹಿಂದಿರುವ ಪ್ರೋಗ್ರಾಂ ಇನ್ನೊಬ್ಬರನ್ನು ಮುಂದೆ ತಳ್ಳುವಂತಿಲ್ಲ. ಆ್ಯಪನ್ನು ಟೆಸ್ಟ್ ಪ್ರೋಗ್ರಾಂನಿಂದಲೇ ಶುರು ಮಾಡಿದರೆ ಈ ತೊಂದರೆ ಬಹಳ ಕಡಿಮೆ.

ಇನ್ನು ತಾನಾಗೇ ಅಪ್‌ಡೇಟ್ ಆಗುವ ಬ್ರೌಸರ್. ಸೆಷನ್ ಸೃಷ್ಟಿಯಾಗಲಿಲ್ಲ, ಈ ಕ್ರೋಮ್‌ಡ್ರೈವರ್‌ಗೆ (ಸೆಲೆನಿಯಂ ಮತ್ತು ಕ್ರೋಮ್ ನಡುವಿನ ಪ್ರೋಗ್ರಾಂ) ಇಂಥ ಕ್ರೋಮ್ ಆವೃತ್ತಿ ಮಾತ್ರ ಗೊತ್ತು ಅನ್ನುವ ಸಂದೇಶ ಯಾರು ನೋಡಿಲ್ಲ? 2023ರಿಂದ ಗೂಗಲ್ 'ಕ್ರೋಮ್ ಫಾರ್ ಟೆಸ್ಟಿಂಗ್' ಅಂತ ಬೇರೆಯೇ ಕೊಡುತ್ತಿದೆ, ಅದು ತಾನಾಗಿ ಅಪ್‌ಡೇಟ್ ಆಗುವುದಿಲ್ಲ, ಅದೇ ನಂಬರಿನ ಡ್ರೈವರ್ ಜೊತೆಗೇ ಸಿಗುತ್ತದೆ. ಅದನ್ನೇ ಬಳಸಿ. ಉಬುಂಟು 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ (ತಾನಾಗೇ ಅಪ್‌ಡೇಟ್ ಆಗುವ ಪ್ಯಾಕೇಜ್) ಆಗಿ ಬರುತ್ತದೆ, ಅದಕ್ಕೆ ಸ್ನ್ಯಾಪ್ ರಿಫ್ರೆಶ್ ಹೋಲ್ಡ್ ಹಾಕಿ.

ಎಲ್ಲಾ ಇದೆ, ಜಾಗ ಮಾತ್ರ ತಪ್ಪು

ಕ್ಲಿಕ್ ಬಟನ್‌ನ ಪಕ್ಕಕ್ಕೆ ಬೀಳುತ್ತಿದೆಯೇ? ಸ್ಕೇಲಿಂಗ್ ನೋಡಿ. ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ತಾನಾಗಿ 125% ಅಥವಾ 150% ಹಾಕಿರುತ್ತದೆ. ನಿಜವಾದ ಪರದೆಯಲ್ಲಿ 1000ನೇ ಪಿಕ್ಸೆಲ್‌ನಲ್ಲಿರುವ ಬಟನ್, 125% ಇದ್ದಾಗ, ಡಿಪಿಐ (ಸ್ಕೇಲಿಂಗ್ ಲೆಕ್ಕ) ಅರಿಯದ ಪ್ರೋಗ್ರಾಂಗೆ 800ರಲ್ಲಿ ಇದ್ದಂತೆ ಕಾಣುತ್ತದೆ. ಎಡ ಮೇಲ್ಮೂಲೆಯ ಹತ್ತಿರದ ಬಟನ್‌ಗಳಿಗೆ ಕ್ಲಿಕ್ ತಾಗುತ್ತದೆ, ಬಲಕ್ಕೆ ಕೆಳಕ್ಕೆ ಹೋದಂತೆ ತಪ್ಪು ಜಾಸ್ತಿ ಆಗುತ್ತದೆ. ಈ ಲಕ್ಷಣ ಕಂಡರೆ ಬೇರೇನೂ ಹುಡುಕಬೇಡಿ. ಟೆಸ್ಟ್ ಮಷಿನ್‌ನಲ್ಲಿ 100% ಇಟ್ಟು ಮುಗಿಸಿ.

ಮಾನಿಟರ್ ಇಲ್ಲದೆ ಮೂಲೆಯಲ್ಲಿ ಕೂತ ಪಿಸಿ ಆದರೆ ಗ್ರಾಫಿಕ್ಸ್ ಕಾರ್ಡ್‌ಗೆ ಯಾವ ಪರದೆಯೂ ಕಾಣದೆ 1024x768 ತರಹದ ಸಣ್ಣ ಅಳತೆಗೆ ಇಳಿದುಬಿಡುತ್ತದೆ. ಬಟನ್‌ಗಳು ಪರದೆಯ ಆಚೆ ಹೋಗುತ್ತವೆ, ಮೆನು ಮಡಚಿಕೊಂಡು ಮೊಬೈಲ್ ರೂಪಕ್ಕೆ ಬರುತ್ತದೆ. ಎಚ್‌ಡಿಎಂಐ ಡಮ್ಮಿ ಪ್ಲಗ್ ಅಂತ ಹೆಬ್ಬೆರಳ ಗಾತ್ರದ್ದು ಸಿಗುತ್ತದೆ, ಚುಚ್ಚಿದರೆ ಮಾನಿಟರ್ ಇದೆ ಅಂತ ನಂಬಿಸುತ್ತದೆ. ಎಕ್ಸ್‌ವಿಎಫ್‌ಬಿಯಲ್ಲಂತೂ ಅಳತೆಯನ್ನು ನೀವೇ ಬರೆದು ಕೊಡಿ, 1920x1080, ಬಣ್ಣದ ಆಳ 24. ಅದು ತಾನಾಗಿ ಆರಿಸಿಕೊಳ್ಳುವ ಅಳತೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ.

ವಿಂಡೋ ಮ್ಯಾಕ್ಸಿಮೈಸ್ ಆಗುತ್ತಿಲ್ಲ, ಟೈಟಲ್ ಪಟ್ಟಿಯೇ ಇಲ್ಲ, ಡೈಲಾಗ್ ತೆರೆದರೂ ಕೀಬೋರ್ಡ್ ಅದಕ್ಕೆ ಹೋಗುತ್ತಿಲ್ಲ ಅಂದರೆ ವಿಂಡೋ ಮ್ಯಾನೇಜರ್ ಓಡುತ್ತಿಲ್ಲ ಅಂತ ಅರ್ಥ. ಬರೀ ಎಕ್ಸ್‌ವಿಎಫ್‌ಬಿ ಖಾಲಿ ಗೋಡೆ ಇದ್ದಂತೆ, ವಿಂಡೋಗಳನ್ನು ಜೋಡಿಸುವವರು ಅಲ್ಲಿಲ್ಲ. ಓಪನ್‌ಬಾಕ್ಸ್ ಮೊದಲು ಶುರು ಮಾಡಿ, ಅದು ತಯಾರಾದ ಮೇಲೆ ಆ್ಯಪ್.

ಕನ್ನಡ ಪಠ್ಯ ಇರುವ ಆ್ಯಪ್‌ಗಳಲ್ಲಿ

ಇದಕ್ಕೆ ಬೇರೆ ಭಾಗವೇ ಬೇಕು, ಯಾಕಂದ್ರೆ ಇಂಗ್ಲಿಷ್ ಆ್ಯಪ್ ಟೆಸ್ಟ್ ಮಾಡುವವರಿಗೆ ಈ ದೋಷಗಳ ಗಾಳಿಯೂ ಸೋಕುವುದಿಲ್ಲ.

ಸ್ಕ್ರೀನ್‌ಶಾಟ್‌ನಲ್ಲಿ ಅಕ್ಷರದ ಬದಲು ಚೌಕಗಳು ಕಂಡರೆ ಮಷಿನ್‌ನಲ್ಲಿ ಕನ್ನಡ ಫಾಂಟ್ ಇಲ್ಲ. ಡಾಕರ್ ಇಮೇಜ್‌ಗಳಲ್ಲಿ (ಪ್ರೋಗ್ರಾಂ ಓಡಲು ಬೇಕಾದಷ್ಟನ್ನೇ ಕಟ್ಟಿಟ್ಟ ಪೊಟ್ಟಣ) ಇದು ಸರ್ವೇಸಾಮಾನ್ಯ. ಡೆಬಿಯನ್, ಉಬುಂಟುವಿನಲ್ಲಿ ನೋಟೋ, ಲೋಹಿತ್, ಗುಬ್ಬಿ, ನವಿಲು ಎಲ್ಲಾ ಪ್ಯಾಕೇಜ್ ಆಗಿ ಸಿಗುತ್ತವೆ. ಒಂದನ್ನು ಮಾತ್ರ ಹಾಕಿ, ಎಲ್ಲಾ ಮಷಿನ್‌ನಲ್ಲೂ ಅದನ್ನೇ ಹಾಕಿ. ನಾಲ್ಕೂ ಹಾಕಿದರೆ ಒಂದು ಮಷಿನ್ ನೋಟೋ ಆರಿಸಿಕೊಳ್ಳುತ್ತದೆ, ಇನ್ನೊಂದು ಲೋಹಿತ್. ಒತ್ತಕ್ಷರದ ಎತ್ತರ ಫಾಂಟ್‌ನಿಂದ ಫಾಂಟ್‌ಗೆ ಬೇರೆ. ಸಾಲಿನ ಎತ್ತರ ಬದಲಾಗಿ, ಕೆಳಗಿನ ಬಟನ್ ಜರುಗಿ, ಚಿತ್ರ ಹೋಲಿಸುವ ಟೆಸ್ಟ್‌ಗಳೆಲ್ಲ ಫೇಲ್ ಆಗುತ್ತವೆ.

ಪಠ್ಯ ಹೋಲಿಕೆ ಇನ್ನೂ ಮಜಾ. ಓದುವವರಿಗೆ ಎರಡೂ ಒಂದೇ ಪದ, ಕಂಪ್ಯೂಟರ್ ಬೇರೆ ಅನ್ನುತ್ತದೆ. 'ಸಾಫ್ಟ್‌ವೇರ್' ಅಂತ ಬರೆಯುವಾಗ ಅರ್ಧಾಕ್ಷರ ಬಿಡಿಯಾಗಿ ನಿಲ್ಲಲಿ ಅಂತ ನಡುವೆ ಕಾಣದ ಅಕ್ಷರ ಒಂದು ಹಾಕುತ್ತೇವೆ, ಜೆಡ್‌ಡಬ್ಲ್ಯುಎನ್‌ಜೆ. ಆ್ಯಪ್‌ನಲ್ಲಿ ಅದು ಇದ್ದು ಟೆಸ್ಟ್ ಡೇಟಾದಲ್ಲಿ ಇಲ್ಲದಿದ್ದರೆ ಹೋಲಿಕೆ ಫೇಲ್. ಹಾಗೇ 'ಕೊ' ಬರೆಯಲು ಒಂದೇ ಸ್ವರಚಿಹ್ನೆ ಬಳಸಬಹುದು, ಎತ್ವ ಮತ್ತು ಊಕಾರದ ಚಿಹ್ನೆ ಎರಡನ್ನು ಜೋಡಿಸಿಯೂ ಬರೆಯಬಹುದು. ಯೂನಿಕೋಡ್ ಪ್ರಕಾರ ಎರಡೂ ಸಮ, ಆದರೆ ಬೈಟ್‌ಗಳು ಬೇರೆ. ಹೋಲಿಸುವ ಮೊದಲು ಎರಡೂ ಕಡೆಯದ್ದನ್ನು ಎನ್‌ಎಫ್‌ಸಿಗೆ (ಯೂನಿಕೋಡ್ ಹೇಳುವ ಜೋಡಿಸಿದ ಒಂದೇ ರೂಪ) ತನ್ನಿ. ಎನ್‌ಎಫ್‌ಸಿ ಮಾಡಿದರೂ ಜೆಡ್‌ಡಬ್ಲ್ಯುಎನ್‌ಜೆ ಹೋಗುವುದಿಲ್ಲ, ಅದನ್ನು ಇಟ್ಟುಕೊಳ್ಳಬೇಕಾ ತೆಗೆಯಬೇಕಾ ನೀವೇ ತೀರ್ಮಾನಿಸಬೇಕು. ಇದ್ದಾಗ ಒಂದು ಥರ, ಇಲ್ಲದಾಗ ಇನ್ನೊಂದು ಥರ ಪದ ಕಾಣುವುದರಿಂದ ಸುಮ್ನೆ ಅಳಿಸಿಬಿಡುವುದು ನನಗೆ ಸರಿ ಅನಿಸುವುದಿಲ್ಲ.

ಟೈಪ್ ಮಾಡುವಾಗ ಅಕ್ಷರ ತಪ್ಪಿಹೋಗುತ್ತಿದ್ದರೆ ಎರಡು ಕಾರಣ. ಎಕ್ಸ್‌ಡೂಟೂಲ್‌ಗೆ ಈಗಿನ ಕೀಬೋರ್ಡ್‌ನಲ್ಲಿ ಇಲ್ಲದ ಅಕ್ಷರ ಕೊಟ್ಟರೆ ಅದು ಯಾವುದೋ ಖಾಲಿ ಕೀಗೆ ಆ ಅಕ್ಷರವನ್ನು ತಾತ್ಕಾಲಿಕವಾಗಿ ಕಟ್ಟಿ, ಒತ್ತಿ, ಬಿಚ್ಚುತ್ತದೆ. ಆ್ಯಪ್ ನಿಧಾನ ಇದ್ದರೆ ಓದುವಷ್ಟರಲ್ಲಿ ಕಟ್ಟು ಬಿಚ್ಚಿರುತ್ತದೆ. ಎರಡನೆಯದು ಐಬಸ್, ಲಿನಕ್ಸ್‌ನಲ್ಲಿ ಕನ್ನಡ ತರಹದ ಭಾಷೆ ಟೈಪ್ ಮಾಡಿಸುವ ಪ್ರೋಗ್ರಾಂ. ಅದು ಆನ್ ಇದ್ದು, ಕಗಪ ಅಥವಾ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ವಿನ್ಯಾಸದಲ್ಲಿ ನಿಂತಿದ್ದರೆ ಟೆಸ್ಟ್ ಒತ್ತಿದ ಇಂಗ್ಲಿಷ್ ಕೀ ಕನ್ನಡ ಆಗುತ್ತದೆ. ಲಾಗಿನ್ ಪೆಟ್ಟಿಗೆಯಲ್ಲಿ ಪಾಸ್‌ವರ್ಡ್ ತಪ್ಪು ಅಂತ ಬರುತ್ತದೆ, ಚುಕ್ಕಿಗಳ ಹಿಂದೆ ಏನಿದೆ ಅಂತ ಕಾಣುವುದೂ ಇಲ್ಲ. ಟೆಸ್ಟ್ ಯೂಸರ್‌ಗೆ ಐಬಸ್ ಆಫ್ ಮಾಡಿ, ಕನ್ನಡ ಪಠ್ಯವನ್ನು ಕ್ಲಿಪ್‌ಬೋರ್ಡ್‌ಗೆ ಹಾಕಿ ಪೇಸ್ಟ್ ಮಾಡಿಸಿ. ಕೀಬೋರ್ಡ್ ವಿನ್ಯಾಸವನ್ನೇ ಟೆಸ್ಟ್ ಮಾಡುತ್ತಿದ್ದರೆ ಮಾತ್ರ ಇದು ಆಗದು.

ಚಿತ್ರದಲ್ಲಿ ಯಾವ ತಪ್ಪೂ ಇಲ್ಲ

ಉಳಿದದ್ದು ಸಮಯದ ತಂಟೆ. ಮೊದಲು ಗಡಿಯಾರ ನೋಡಿ. ನಮ್ಮ ಸಮಯ ಯುಟಿಸಿ ಅನ್ನುವ ಜಾಗತಿಕ ಪ್ರಮಾಣ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ರಾತ್ರಿ 12ರಿಂದ ಬೆಳಗ್ಗೆ 5:30ರ ತನಕ ಇಲ್ಲಿ ಇವತ್ತು, ಯುಟಿಸಿಯಲ್ಲಿ ಇನ್ನೂ ನಿನ್ನೆ. ಆ್ಯಪ್ ಇರುವ ಸರ್ವರ್ ಯುಟಿಸಿಯಲ್ಲಿದ್ದು ಟೆಸ್ಟ್ ಮಷಿನ್ ಭಾರತದ ಸಮಯದಲ್ಲಿದ್ದರೆ 'ಇವತ್ತಿನ ಬಿಲ್ ಪಟ್ಟಿಯಲ್ಲಿ ಕಾಣಬೇಕು' ಅನ್ನುವ ಟೆಸ್ಟ್ ರಾತ್ರಿ 2ಕ್ಕೆ ಫೇಲ್, ಬೆಳಗ್ಗೆ 10ಕ್ಕೆ ಪಾಸ್. ಡೆಸ್ಕ್‌ಟಾಪ್‌ನಲ್ಲಿ ಎಷ್ಟು ಹುಡುಕಿದರೂ ಇದು ಸಿಗುವುದಿಲ್ಲ. ಫೇಲ್ ಆದ ಸಮಯಗಳನ್ನೆಲ್ಲ ಒಂದು ಕಡೆ ಬರೆದರೆ ಐದೂವರೆಯ ಗೆರೆ ತಾನಾಗೇ ಎದ್ದು ಕಾಣುತ್ತದೆ.

ಕ್ರೋಮ್ ಹಿಂದೆ ಮುಚ್ಚಿಹೋಗಿದ್ದರೆ ಅದರ ಟೈಮರ್‌ಗಳು ನಿಧಾನ ಆಗುತ್ತವೆ. ಆವೃತ್ತಿ 88ರಿಂದ, ಐದು ನಿಮಿಷಕ್ಕಿಂತ ಜಾಸ್ತಿ ಮರೆಯಲ್ಲಿದ್ದ ಪುಟದ ಟೈಮರ್ ನಿಮಿಷಕ್ಕೊಮ್ಮೆ ಮಾತ್ರ ಏಳಬಹುದು. ಎರಡು ಬ್ರೌಸರ್ ಒಂದರ ಮೇಲೊಂದು ಇಟ್ಟು ಓಡಿಸುವವರಿಗೆ ಇದು ತಟ್ಟುತ್ತದೆ. ಬ್ಯಾಕ್‌ಗ್ರೌಂಡ್ ನಿಧಾನಗತಿ ಆಫ್ ಮಾಡುವ ಆಯ್ಕೆಗಳು ಕ್ರೋಮ್‌ನಲ್ಲೇ ಇವೆ. ಆದರೂ ಒಂದು ಡೆಸ್ಕ್‌ಟಾಪ್‌ಗೆ ಒಂದೇ ಟೆಸ್ಟ್ ಇರಬೇಕು ಅಂತಲೇ ನಾನು ಹೇಳುವುದು. ಫೋಕಸ್ ಒಂದೇ, ಮೌಸ್ ಒಂದೇ, ಕ್ಲಿಪ್‌ಬೋರ್ಡ್ ಒಂದೇ. ನಾಲ್ಕು ಟೆಸ್ಟ್ ಒಟ್ಟಿಗೆ ಬೇಕಿದ್ದರೆ ನಾಲ್ಕು ಎಕ್ಸ್‌ವಿಎಫ್‌ಬಿ ತೆರೆಯಿರಿ, ಖರ್ಚೇನೂ ಇಲ್ಲ.

ಲಿನಕ್ಸ್‌ನಲ್ಲಿ ಗ್ನೋಮ್ ಆ್ಯಪ್ ತೆರೆಯಲು ಹತ್ತಿರ ಹತ್ತಿರ 25 ಸೆಕೆಂಡ್ ಹಿಡಿಯುತ್ತಿದೆಯಾ? ಅದು ಡಿ-ಬಸ್ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ದಾರಿ) ಉತ್ತರಕ್ಕೆ ಕಾದು ಕೈಬಿಡುವ ಅವಧಿ. ಸೆಷನ್ ಬಸ್ ಇಲ್ಲ, ಇಲ್ಲವೇ ಅದರಾಚೆ ಉತ್ತರ ಕೊಡಬೇಕಾದವರು ಇಲ್ಲ. ಡಿ-ಬಸ್ ರನ್ ಸೆಷನ್ ಒಳಗೆ ಇಡೀ ಟೆಸ್ಟ್ ಓಡಿಸಿ ನೋಡಿ. ಡಾಕರ್‌ನಲ್ಲಿ ಕ್ರೋಮ್ ಮಧ್ಯೆ ಮಧ್ಯೆ ಸಾಯುತ್ತಿದ್ದರೆ ಶೇರ್ಡ್ ಮೆಮೊರಿ ನೋಡಿ, ಡಾಕರ್ ಕೊಡುವುದು 64 ಎಂಬಿ ಮಾತ್ರ, ಭಾರಿ ಪುಟಕ್ಕೆ ಅದು ಎಲ್ಲಿಗೂ ಸಾಲದು.

ಇಷ್ಟೆಲ್ಲ ತಪಾಸಣೆ ಆದ ಮೇಲೂ ಉಳಿದರೆ ಆಗ ಟೆಸ್ಟ್ ಕೋಡ್‌ನಲ್ಲಿ ಕಾಯುವ ಜಾಗಗಳನ್ನು ನೋಡಿ. ಸ್ಲೀಪ್ ತೆಗೆದು, ಬಟನ್ ಕಾಣುವ ತನಕ ಕಾಯಿ ಅನ್ನುವ ಎಕ್ಸ್‌ಪ್ಲಿಸಿಟ್ ವೇಟ್ ಹಾಕಿ. ಅದರ ಜೊತೆ ಇಂಪ್ಲಿಸಿಟ್ ವೇಟ್ (ಎಲ್ಲಾ ಹುಡುಕಾಟಕ್ಕೂ ಒಂದೇ ಸಲ ಹಾಕುವ ಕಾಯುವ ಮಿತಿ) ಬೆರೆಸಬೇಡಿ, ಎರಡೂ ಸೇರಿದರೆ ಎಷ್ಟು ಹೊತ್ತು ಕಾಯುತ್ತದೆ ಅಂತ ಯಾರೂ ಹೇಳಲಾಗುವುದಿಲ್ಲ ಅಂತ ಸೆಲೆನಿಯಂನವರೇ ಎಚ್ಚರಿಸಿದ್ದಾರೆ.

ಕಾರಣ ಸಿಕ್ಕ ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ. ಸರಿಹೋಯಿತು ಅನಿಸಿದಾಗ ಅದನ್ನು ವಾಪಸ್ ತೆಗೆದು ಮತ್ತೆ ಫೇಲ್ ಆಗುತ್ತದಾ ನೋಡಿ. ಆಗದಿದ್ದರೆ ನಿಮಗೆ ಸಿಕ್ಕಿದ್ದು ಕಾರಣ ಅಲ್ಲ.

ಆಮೇಲೆ ಆ ತಪಾಸಣೆಯನ್ನೇ ಒಂದು ಸಣ್ಣ ಸ್ಕ್ರಿಪ್ಟ್ ಮಾಡಿ, ಪ್ರತಿ ರಾತ್ರಿ ಟೆಸ್ಟ್‌ಗಿಂತ ಮೊದಲು ಓಡಿಸಿ. ಸೆಷನ್ ಸೊನ್ನೆ ಅಲ್ಲ ತಾನೇ, ರೆಸಲ್ಯೂಶನ್ ಹೇಳಿದಷ್ಟೇ ಇದೆಯಾ, ಸ್ಕೇಲಿಂಗ್ 100 ಇದೆಯಾ, ಲಾಕ್ ಇಲ್ಲವಾ, ಬ್ರೌಸರ್ ಮತ್ತು ಡ್ರೈವರ್ ನಂಬರ್ ಹೊಂದುತ್ತವಾ, ಕನ್ನಡ ಫಾಂಟ್ ಯಾವುದು ಸಿಗುತ್ತಿದೆ. ಯಾವುದೇ ಒಂದು ತಪ್ಪಿದರೂ ಟೆಸ್ಟ್ ಶುರು ಮಾಡಲೇಬಾರದು, 'ಡೆಸ್ಕ್‌ಟಾಪ್ ತಯಾರಿಲ್ಲ' ಅಂತ ಬೇರೆ ಬಣ್ಣದಲ್ಲಿ ನಿಲ್ಲಬೇಕು. ಇನ್ನೂರು ಕೆಂಪು ಸಾಲಿಗಿಂತ ಅದೊಂದು ಸಾಲು ಓದುವುದು ಬೆಳಗ್ಗೆ ಬರುವವರಿಗೆ ಸುಲಭ.

ಮಷಿನ್ ವರ್ಚುವಲ್ ಆದರೆ ಎಲ್ಲಾ ಸರಿ ಇದ್ದಾಗ ಸ್ನ್ಯಾಪ್‌ಶಾಟ್ ತೆಗೆದಿಟ್ಟು, ಪ್ರತಿ ಓಟಕ್ಕೂ ಅಲ್ಲಿಂದ ಶುರು ಮಾಡಿ. ಸ್ನ್ಯಾಪ್‌ಶಾಟ್ ತೆಗೆಯುವ ಮೊದಲು ಒಮ್ಮೆ ರೀಬೂಟ್ ಮಾಡಿ, ಕೀಬೋರ್ಡ್ ಮೌಸ್ ಮುಟ್ಟದೆ, ವಿಎನ್‌ಸಿಯಿಂದಲೂ ಒಳಗೆ ಹೋಗದೆ, ಟೆಸ್ಟ್ ತಾನಾಗೇ ಶುರುವಾಗಿ ಮುಗಿಯುತ್ತದಾ ಪರೀಕ್ಷಿಸಿ. ಎಲ್ಲೋ ಒಂದು ಕಡೆ ಕೈಯಾರೆ ಓಕೆ ಒತ್ತಬೇಕಾಗಿ ಬಂದರೆ ಸ್ನ್ಯಾಪ್‌ಶಾಟ್ ತೆಗೆಯಬೇಡಿ, ಆ ಡೈಲಾಗ್ ಎಲ್ಲಿಂದ ಬಂತು ಅಂತ ಮೊದಲು ಹುಡುಕಿ.